ಮಸಿ ಬಳಿದ ಸಾಲುಗಳು

ಯುದ್ಧದ ಮೂರನೇ ವರ್ಷ, ಮಾರ್ಚ್ 9, ಬೆಳಿಗ್ಗೆ 10.20. ಪೇಟೆ ಬೀದಿಯ ದರ್ಜಿಯೊಬ್ಬ ಠಾಣೆಗೆ ಬಂದು ಮೇಜಿನ ಮೇಲೆ ಮೂರು ಕಾಗದಗಳನ್ನಿಟ್ಟ.

"ಸತ್ತೋನು ಕಾಗದ ಬರೀತಿದ್ದಾನೆ ಸಾರ್," ಎಂದ.

ಸತ್ತವನು ದರ್ಜಿಯ ತಂಗಿಯನ್ನು ಮದುವೆಯಾಗಬೇಕಿದ್ದವನು. ಗಡಿಯಾಚೆ ಸೇನೆಯ ಗೂಢಚಾರನಾಗಿದ್ದ. ಎರಡು ವರ್ಷ ಅವನ ಕಾಗದಗಳು ಸೇನೆಯ ಟಪಾಲು ಚೀಲದಲ್ಲಿ ಬಂದು, ಸೆನ್ಸಾರ್ ಕಚೇರಿಯಲ್ಲಿ ಗುಟ್ಟಿನ ಸಾಲುಗಳಿಗೆ ಮಸಿ ಬಳಿಸಿಕೊಂಡು ಅವಳ ಕೈ ಸೇರುತ್ತಿದ್ದವು. ಶತ್ರುಗಳು ಅವನನ್ನು ಕೊಂದರೆಂದು ಜನವರಿ 12ರಂದು ಸರ್ಕಾರದ ತಂತಿ ಬಂತು. ಈ ಮೂರು ಬಂದದ್ದು ಆಮೇಲೆ; ಮೇಲೆ ಬರೆದ ತಾರೀಖುಗಳೂ ಆಮೇಲಿನವೇ.

"ತಂಗಿ ಏನಂತಾಳೆ?" ಇನ್ಸ್‌ಪೆಕ್ಟರ್ ಕೇಳಿದರು.

"ಬದುಕಿದ್ದಾರೆ ಅಂತಾಳೆ. ಬೇರೆ ಗಂಡು ನೋಡೋಣ ಅಂದ್ರೆ ಊಟ ಬಿಡ್ತಾಳೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಬಂದ ಸೇನಾಧಿಕಾರಿ ನಿಂತೇ ಮಾತು ಮುಗಿಸಿದ. ಬರೆದವನು ಅವನೇ ಆದರೆ ಶತ್ರುವಿನ ಕಡೆ ಸೇರಿದ ದ್ರೋಹಿ, ಅಲ್ಲವಾದರೆ ತಂತಿಯಲ್ಲಿದ್ದದ್ದೇ ನಿಜ. ಹೇಗೆ ನೋಡಿದರೂ ಆ ಹುಡುಗಿಗೆ ಒಯ್ಯಬಹುದಾದ ಒಳ್ಳೆಯ ಸುದ್ದಿ ಇರಲಿಲ್ಲ. ಇನ್ಸ್‌ಪೆಕ್ಟರಿಗೆ ಕೇಸು ಮೊದಲ ದಿನವೇ ಬೇಸರ ತರಿಸಿತು.

ಮರುದಿನ ಹಳೆಯ ಕಾಗದಗಳನ್ನೂ ತರಿಸಿ ಪಕ್ಕಪಕ್ಕ ಹರಡಿದರು. ಕೊಂಬು, ದೀರ್ಘ, ಯಾವುದರಲ್ಲೂ ವ್ಯತ್ಯಾಸವಿಲ್ಲ. ಠಾಣೆಯವರೆಲ್ಲ ಮೀಸೆ ಮಾಮ ಎನ್ನುವ ಹೆಡ್ ಕಾನ್‌ಸ್ಟೇಬಲ್ ಅಂದು ಕನ್ನಡಕ ಮರೆತು ಬಂದಿದ್ದ. ಓದಲಾಗದೆ ಕಾಗದಗಳ ಬೆನ್ನು ಸವರುತ್ತ ಕೂತ.

"ಸಾರ್, ಹಳೇದ್ರಲ್ಲಿ ಮಸಿ ಕೆಳಗೂ ಪೆನ್ನು ಒತ್ತಿದ ಗುರುತಿದೆ. ಈ ಮೂರರಲ್ಲಿ ಮಸಿ ಇರೋ ಕಡೆ ನುಣ್ಣಗಿದೆ."

"ಅಂದ್ರೆ?"

"ಖಾಲಿ ಜಾಗಕ್ಕೇ ಮಸಿ ಬಳಿದಿದ್ದಾರೆ. ಮನೆಯೋರಿಗೆ ನೀವು ಹಾಗೆ ಮಧ್ಯೆ ಜಾಗ ಬಿಟ್ಟು ಬರೀತೀರಾ?"

"ನಾನು ಬರೆಯೋದೇ ಇಲ್ಲ. ಅದಕ್ಕೇ ಬೈಸ್ಕೋತೀನಿ."

ನಗುತ್ತಲೇ ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು. ಏನೂ ಇಲ್ಲದ ಕಡೆಯೂ ಮಸಿ ಬಳಿಯುವ ಚಾಳಿ ಒಂದೇ ಕಚೇರಿಯವರಿಗೆ ಅಂಟಿರಲು ಸಾಧ್ಯ.

ಸೆನ್ಸಾರ್ ಕಚೇರಿಯಲ್ಲಿ ಒಬ್ಬನ ಕಾಗದಗಳೂ ಅವನಿಗೆ ಹೋಗುವ ಉತ್ತರಗಳೂ ಒಂದೇ ಮೇಜಿಗೆ ಬರುವುದು ನಿಯಮ. ರಿಜಿಸ್ಟರ್ ತೋರಿಸಿದ್ದು ಕಿಟಕಿ ಪಕ್ಕದ ಮೇಜನ್ನು. ಅಲ್ಲಿದ್ದವನು ನಲವತ್ತು ದಾಟಿದ ಗುಮಾಸ್ತ. ಪಂಚರ ಮುಂದೆ ಡ್ರಾಯರ್ ಎಳೆದಾಗ ಹುಡುಗಿಯ ಮೂರು ಉತ್ತರಗಳು ಸಿಕ್ಕವು. 4.15ಕ್ಕೆ ಪಂಚನಾಮೆ ಮುಗಿಯಿತು.

"ಯಾರು ಬರೆಸಿದ್ದು?"

"ಯಾರೂ ಇಲ್ಲ ಸಾರ್."

"ಅಕ್ಷರ?"

"ಎರಡು ವರ್ಷ ಓದಿದೀನಿ. ಕೈಗೆ ಬಂದ್ಬಿಟ್ಟಿದೆ."

"ಖಾಲಿ ಜಾಗಕ್ಕೆ ಮಸಿ ಯಾಕೆ?"

"ಮಸಿ ಇಲ್ಲದ ಕಾಗದ ಈ ಮೇಜಿಂದ ಕಳಿಸಿಯೇ ಇಲ್ಲ ಸಾರ್. ಅಭ್ಯಾಸ."

"ಅವಳನ್ನ ನೋಡಿದೀಯಾ?"

"ಇಲ್ಲ."

ಅಲ್ಲೇ ಅವನನ್ನು ಬಂಧಿಸಲಾಯಿತು. ಸಂಜೆ ಆರಕ್ಕೆ ಅಣ್ಣನ ಜೊತೆ ಹುಡುಗಿ ಠಾಣೆಗೆ ಬಂದಳು.

"ಅವರು ದ್ರೋಹಿ ಅಲ್ಲ ಅಂತ ಸಾಬೀತಾಯ್ತಮ್ಮ," ಎಂದರು ಇನ್ಸ್‌ಪೆಕ್ಟರ್. ಹೇಳಿದ ಮೇಲೆ ನಾಚಿಕೆಯಾಯಿತು.

"ದ್ರೋಹಿನೇ ಆಗಿರಲಿ ಅಂತ ಬೇಡ್ಕೊಂಡಿದ್ದೆ ಸಾರ್," ಎಂದಳು. ಮೇಜಿನ ಮೇಲಿದ್ದ ಕಾಗದಗಳನ್ನು ನೋಡಿ, "ಇವು ವಾಪಸ್ ಸಿಗುತ್ವಾ?" ಎಂದು ಕೇಳಿದಳು.

"ಹಳೇವು ಕೊಡ್ತೀವಿ. ಈ ಮೂರು ಕೋರ್ಟಿಗೆ ಬೇಕು."

"ಎರಡು ವರ್ಷ ಅವರು ಮದುವೆ ಮಾತು ಮುಂದಕ್ಕೆ ಹಾಕ್ತಾನೇ ಬಂದ್ರು. ದಿನ ಗೊತ್ತು ಮಾಡಿದ್ದು ಇದರಲ್ಲಿ," ಎಂದು ಮೂರನೆಯ ಕಾಗದ ತೋರಿಸಿದಳು.

ಇನ್ಸ್‌ಪೆಕ್ಟರಿಗೆ ಗುಮಾಸ್ತನ ಮೇಲೆ ಆಗ ನಿಜಕ್ಕೂ ಸಿಟ್ಟು ಬಂತು. ಹೇಳಿಕೆ ಪಡೆಯಲು ಲಾಕಪ್ಪಿಗೆ ಹೋದಾಗಲೂ ಅದು ಇಳಿದಿರಲಿಲ್ಲ. ಹೇಳಿಕೆಯ ಕೊನೆಯಲ್ಲಿ ಆರೋಪಿ ಹೀಗೆ ಬರೆಸಿದ: "ಅವನು ಸತ್ತ ಮೇಲೆ ಆಕೆಯ ಕಾಗದಗಳು ನನ್ನ ಮೇಜಿಗೆ ಬರುವುದು ನಿಂತುಹೋಯಿತು. ನನ್ನ ಹೆಸರಿನಲ್ಲಿ ಬರೆದಿದ್ದರೆ ಆಕೆ ಉತ್ತರಿಸುತ್ತಿರಲಿಲ್ಲ."