ಕರಡಿಯ ಒಪ್ಪಿಗೆ

ಬಹಳ ಹಿಂದೆ, ಮೋಡಗಳು ಬೆಟ್ಟದ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಕೆಂಚನಗಡ ಎಂಬ ರಾಜ್ಯವಿತ್ತು. ಎಲ್ಲ ರಾಜ್ಯಗಳಲ್ಲಿ ಇರುವಂತೆ ಅಲ್ಲಿಯೂ ಕೋಟೆ ಇತ್ತು, ಅರಮನೆ ಇತ್ತು, ಅರಮನೆಯಲ್ಲಿ ಕೆಂಚರಾಯ ಎಂಬ ರಾಜನಿದ್ದ. ಬೇರೆ ರಾಜ್ಯಗಳಲ್ಲಿ ಇಲ್ಲದ್ದು ಒಂದು ಅಲ್ಲಿತ್ತು. ಅದು ಕರಡಿಗುಂಡಿ.

ಕೋಟೆಯ ನಡುವೆ ಬಾವಿಯ ಹಾಗೆ ದುಂಡಗೆ ತೋಡಿದ ಗುಂಡಿ. ಗೋಡೆಯೂ ಕಲ್ಲು, ನೆಲವೂ ಕಲ್ಲು. ಮಲಗಲು ಒಂದು ಕಲ್ಲಿನ ಗೂಡು. ಅಲ್ಲೊಂದು ಮುದಿ ಕರಡಿ ಗೋಡೆಯ ಪಕ್ಕದಲ್ಲೇ ಸುತ್ತು ಹಾಕುತ್ತಿತ್ತು. ಗೂಡಿನ ಮುಂದೆ ಬಂದಾಗ ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಮತ್ತೆ ಸುತ್ತು ಹಾಕುತ್ತಿತ್ತು. ಅದು ನಡೆದು ನಡೆದು ಕಲ್ಲು ಸವೆದು ಕಾಲುವೆಯಂಥ ದಾರಿ ಬಿದ್ದಿತ್ತು.

ಇದನ್ನು ಕಂಡು ಬೇರೆ ಊರಿನವರು ಏನೆಂದುಕೊಳ್ಳುತ್ತಿದ್ದರೋ ಏನೋ. ಕೆಂಚನಗಡದವರು ಮಾತ್ರ ಕರಡಿ ಹೂಂ ಎನ್ನುತ್ತಿದೆ ಎಂದುಕೊಂಡರು. ಒಂದು ಹಿಡಿ ಪುರಿ ಬೆಲ್ಲ ಗುಂಡಿಗೆ ಎಸೆದು ಕೇಳಬೇಕಾದ್ದನ್ನು ಕೇಳುತ್ತಿದ್ದರು. ಈ ಹುಡುಗನಿಗೆ ಹೆಣ್ಣು ಕೊಡೋಣವೇ? ಕರಡಿ ಗೋಣಾಡಿಸುತ್ತಿತ್ತು. ಪಕ್ಕದ ಮನೆಯವನು ಬೇಲಿ ಒತ್ತಿದ್ದಾನಲ್ಲವೇ? ಗೋಣಾಡಿಸುತ್ತಿತ್ತು. ಸಂಜೆ ಪಕ್ಕದ ಮನೆಯವನೂ ಬಂದು ಅದನ್ನೇ ಕೇಳಿ, ಅದೇ ಉತ್ತರ ಪಡೆದು ಹೋಗುತ್ತಿದ್ದ. ಇಬ್ಬರೂ ತೃಪ್ತರಾಗಿ ಹೊಡೆದಾಡುತ್ತಿದ್ದರು. ಆದರೂ ಕರಡಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಯೋಚನೆ ಮಾಡುವ ಕಷ್ಟ ತಪ್ಪಿದರೆ ಯಾರಿಗೆ ಬೇಡ?

ಈ ಪದ್ಧತಿಯನ್ನು ಶುರುಮಾಡಿದವನು ಮಂತ್ರವಾದಿ ಮಸಣಯ್ಯ. ಅವನು ರಾಜನ ಮುತ್ತಜ್ಜನ ಆಸ್ಥಾನದಲ್ಲೂ ಇದ್ದ, ಅಜ್ಜನ ಆಸ್ಥಾನದಲ್ಲೂ ಇದ್ದ, ಈಗಲೂ ಇದ್ದ. ತಲೆಯ ಒಂದು ಕೂದಲೂ ನೆರೆತಿರಲಿಲ್ಲ. ಇದು ಹೇಗೆ ಎಂದು ಹಿಂದೊಮ್ಮೆ ಯಾರೋ ಕೇಳಿದ್ದರಂತೆ. 'ಮಸಣಯ್ಯನವರು ದೇವರಂಥವರೇ ಎಂದು ಕರಡಿಯನ್ನು ಕೇಳಿ' ಎಂದನಂತೆ ಮಸಣಯ್ಯ. ಅಲ್ಲಿಗೆ ಆ ಮಾತು ಮುಗಿಯಿತು.

ಒಂದು ದಿನ ರಾಜನ ಪೂಜೆಯ ಬೆಳ್ಳಿಗಂಟೆ ಕಾಣೆಯಾಯಿತು. ಆ ಬೆಳಗ್ಗೆ ಅರಮನೆಗೆ ಹಗ್ಗ ತಂದುಕೊಟ್ಟವಳು ದೇವೀರಿ, ಹಗ್ಗ ಹೊಸೆಯುವ ಗುಡ್ಡಪ್ಪನ ಮಗಳು. ಮಸಣಯ್ಯ ಅವಳನ್ನು ಕರೆಸಿ ಗುಂಡಿಯ ಅಂಚಿನಲ್ಲಿ ನಿಲ್ಲಿಸಿದ. ಪುರಿ ಬೆಲ್ಲ ಎಸೆದು, 'ಗಂಟೆ ಕದ್ದವಳು ಇವಳೇನಾ?' ಎಂದು ಕೇಳಿದ. ಕರಡಿ ಗೋಣಾಡಿಸಿತು.

'ನಾನು ಕದ್ದಿಲ್ಲ ಬುದ್ಧಿ' ಎಂದಳು ದೇವೀರಿ, ರಾಜನ ಕಡೆ ತಿರುಗಿ.

'ಕರಡಿ ಹೇಳಿತಲ್ಲ' ಎಂದ ರಾಜ. ಅವನು ಕೆಟ್ಟವನಲ್ಲ. ಹುಟ್ಟಿದಾಗಿನಿಂದ ತಾನಾಗಿ ಏನನ್ನೂ ತೀರ್ಮಾನ ಮಾಡಿ ಗೊತ್ತಿರಲಿಲ್ಲ, ಅಷ್ಟೆ.

ಕಳ್ಳತನಕ್ಕೆ ಶಿಕ್ಷೆ ಗುಂಡಿಗೆ ಇಳಿಸುವುದು. ಈವರೆಗೆ ಯಾರನ್ನೂ ಇಳಿಸಿರಲಿಲ್ಲ. ಇಳಿಸುವ ಮಾತು ಕೇಳಿದ ಕೂಡಲೇ ಜನ ರಾತ್ರೋರಾತ್ರಿ ರಾಜ್ಯ ಬಿಟ್ಟು ಹೋಗುತ್ತಿದ್ದರು. ಅವರು ಹೋದದ್ದನ್ನು ನೋಡಿ, ಕದ್ದಿದ್ದು ನಿಜ ಎಂದು ಉಳಿದವರು ಹೇಳುತ್ತಿದ್ದರು. ದೇವೀರಿ ಎಲ್ಲಿಗೂ ಹೋಗಲಿಲ್ಲ. 'ಮಾಡದ ತಪ್ಪಿಗೆ ಊರು ಯಾಕೆ ಬಿಡಲಿ?' ಎಂದಳು. ಮರುದಿನ ಅವಳೇ ಹೊಸೆದ ಹಗ್ಗದಲ್ಲಿ ಅವಳನ್ನು ಕಟ್ಟಿ ಗುಂಡಿಗೆ ಇಳಿಸಿ, ಹಗ್ಗವನ್ನೂ ಒಳಕ್ಕೆ ಬಿಟ್ಟರು. ಮೇಲೆ ನಿಂತ ಗುಡ್ಡಪ್ಪ ಕಣ್ಣು ಮುಚ್ಚಿಕೊಂಡ.

ಕರಡಿ ಅವಳನ್ನು ತಿನ್ನಲಿಲ್ಲ. ನೋಡಲೂ ಇಲ್ಲ. ದಾರಿಗೆ ಅಡ್ಡವಾಗಿ ಬಿದ್ದಿದ್ದ ಅವಳನ್ನು ದಾಟಿ ಮುಂದೆ ಹೋಯಿತು. ಸುತ್ತಿ ಬಂದು ಮತ್ತೆ ದಾಟಿತು. ಜನ ಬೇಸರವಾಗಿ ಮನೆಗೆ ಹೋದರು. ಕಟ್ಟು ಬಿಚ್ಚಿಕೊಂಡು ಎದ್ದ ದೇವೀರಿ ಆಗ ಒಂದು ವಿಷಯ ಗಮನಿಸಿದಳು. ಮೇಲೆ ಯಾರೂ ಇರಲಿಲ್ಲ, ಯಾರೂ ಏನೂ ಕೇಳಲಿಲ್ಲ. ಆದರೂ ಕರಡಿ ಗೋಣಾಡಿಸುತ್ತಲೇ ಇತ್ತು.

'ಅಜ್ಜೀ, ಯಾರಿಗೆ ಹೂಂ ಅಂತಿದ್ದೀಯ?' ಎಂದು ಕೇಳಿದಳು.

ಕರಡಿ ಮಾತಾಡಿತು. 'ಹೂಂ ಅಂತಿಲ್ಲ ಮಗಾ. ತಲೆ ಅದರ ಪಾಡಿಗೆ ಅದು ಆಡ್ತದೆ. ನಿಲ್ಲಿಸೋಕೆ ಬರಲ್ಲ.'

ಆಮೇಲೆ ಸುತ್ತು ಹಾಕುತ್ತಲೇ ತನ್ನ ಕತೆ ಹೇಳಿತು. ಹಿಂದೆ ಎದುರಿನ ಬೆಟ್ಟದ ತುಂಬ ಕಾಡಿತ್ತು. ಕರಡಿ ಆ ಕಾಡಿನದು. ಮಸಣಯ್ಯ ಕಾಡನ್ನು ಸೀರೆಯ ಹಾಗೆ ಮಡಚಿ ಗುಂಡಿಯ ನಡುಗಲ್ಲಿನ ಕೆಳಗೆ ಇಟ್ಟ, ಕರಡಿಯನ್ನು ಗುಂಡಿಯಲ್ಲಿ ಬಿಟ್ಟ. ಅದು ಹಾಕುವ ಒಂದೊಂದು ಸುತ್ತೂ ಮಸಣಯ್ಯನ ಆಯುಷ್ಯಕ್ಕೆ ಸುತ್ತಿಕೊಳ್ಳುತ್ತಿತ್ತು, ಕದಿರಿಗೆ ನೂಲು ಸುತ್ತಿಕೊಂಡ ಹಾಗೆ. ಕರಡಿ ತಾನಾಗಿ ದಾರಿ ಬಿಟ್ಟು ನಡುಗಲ್ಲಿಗೆ ನಡೆದುಹೋದರೆ ಸಾಕು, ಮಾಟ ಮುರಿಯುತ್ತದೆ.

'ಅಷ್ಟೇನಾ? ನಾಕು ಹೆಜ್ಜೆ ಇಲ್ಲವಲ್ಲ ಅಜ್ಜಿ. ಸುತ್ತೋದು ನಿಲ್ಲಿಸಿ ಹೋಗಬಾರದಾ?'

'ನಿಲ್ಲಿಸಿ ಏನು ಮಾಡಲಿ?' ಎಂದಿತು ಕರಡಿ.

ದೇವೀರಿ ಸುತ್ತಲೂ ನೋಡಿದಳು. ಕಲ್ಲು ಇತ್ತು, ಗೋಡೆ ಇತ್ತು, ಆಕಾಶದ ಒಂದು ಬಿಲ್ಲೆ ಇತ್ತು. ಅಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಅವಳಿಗೆ ತುಂಬ ದುಃಖವಾಯಿತು.

ಬೆಳಗ್ಗೆ ರಾಜ, ಮಸಣಯ್ಯ, ಜನ ಎಲ್ಲರೂ ಅಂಚಿಗೆ ಬಂದರು. ದೇವೀರಿ ಕೆಳಗಿನಿಂದಲೇ ಹೇಳಿದಳು, 'ಬುದ್ಧಿ, ಒಂದು ಸಲ ಹೀಗೆ ಕೇಳಿ. ದೇವೀರಿ ಕದ್ದಿಲ್ಲ, ಅಲ್ಲವೇ ಅಂತ.'

ರಾಜ ಕೇಳಿದ. ಕರಡಿ ಗೋಣಾಡಿಸಿತು. ಜನ ಮುಖ ಮುಖ ನೋಡಿಕೊಂಡರು.

'ಕರಡಿಗೆ ಹುಡುಗಿಯ ಮೇಲೆ ಕನಿಕರ' ಎಂದ ಮಸಣಯ್ಯ.

'ಕನಿಕರ ಅಲ್ಲ ಬುದ್ಧಿ, ಕಾಯಿಲೆ' ಎಂದಳು ದೇವೀರಿ. 'ಮೂರು ದಿನ ಕೊಡಿ, ಗೋಣಾಡಿಸೋದನ್ನ ನಿಲ್ಲಿಸ್ತೀನಿ. ನಿಲ್ಲಿಸಿದರೆ ನಮ್ಮಿಬ್ಬರನ್ನೂ ಮೇಲೆ ಎತ್ತಿ. ಇಲ್ಲದಿದ್ದರೆ ನಾನೂ ಸಾಯೋ ತನಕ ಇಲ್ಲೇ ಸುತ್ತು ಹಾಕ್ಕೊಂಡಿರ್ತೀನಿ.'

ರಾಜ ಒಪ್ಪಲೋ ಬೇಡವೋ ಎಂದು ಅಭ್ಯಾಸಬಲದಿಂದ ಕರಡಿಯನ್ನೇ ನೋಡಿದ. ಕರಡಿ ಗೋಣಾಡಿಸಿತು. ಮಸಣಯ್ಯನೂ ಒಪ್ಪಬೇಕಾಯಿತು. ತಾನೇ ಮಾಡಿದ ಕಟ್ಟಳೆಯನ್ನು ಅವನು ಹೇಗೆ ಮೀರಿಯಾನು?

ಮೊದಲ ದಿನ ದೇವೀರಿ ಮಣ್ಣು ಕೇಳಿದಳು. ಜನ ಹುತ್ತದ ಮಣ್ಣನ್ನು ಬುಟ್ಟಿ ಬುಟ್ಟಿ ತಂದು ಸುರಿದರು. ಮಸಣಯ್ಯ ಮೇಲಿನಿಂದ ಉಫ್ ಎಂದು ಊದಿದ. ಮಣ್ಣೆಲ್ಲ ಬಂಡೆಯಾಯಿತು. ದೇವೀರಿಗೆ ಕುಡಿಯಲು ಇಳಿಸಿದ್ದ ಒಂದು ಕೊಡ ನೀರಿತ್ತು. ಅವಳು ಒಂದು ಗುಟುಕೂ ಕುಡಿಯದೆ ಆ ನೀರನ್ನೆಲ್ಲ ಬಂಡೆಯ ಮೇಲೆ ಹೊಯ್ದಳು. ಬಾಯಾರಿದವರು ಕೊಟ್ಟ ನೀರಿನ ಮುಂದೆ ಮಾಟ ನಿಲ್ಲುವುದಿಲ್ಲ. ಬಂಡೆ ಕರಗಿ ಮತ್ತೆ ಮಣ್ಣಾಯಿತು, ಹಸಿಮಣ್ಣಿನ ವಾಸನೆ ಎದ್ದಿತು. ಕರಡಿ ನಡೆಯುತ್ತ ನಡೆಯುತ್ತ ನಿಂತಿತು. ಅದರ ಉಗುರುಗಳು ಕೆಲಸವಿಲ್ಲದೆ ಬೆಳೆದು ಸುರುಳಿಯಾಗಿದ್ದವು. ಆ ಉಗುರಿನಿಂದಲೇ ಒಂದಿಷ್ಟು ಕೆರೆಯಿತು, ಮೂಗಿಟ್ಟು ಮೂಸಿತು. ಆಮೇಲೆ ನೆನಪಾದವರ ಹಾಗೆ ಮತ್ತೆ ಸುತ್ತತೊಡಗಿತು.

ಮೇಲೆ ಮಸಣಯ್ಯನ ಒಂದು ಕೂದಲು ಬೆಳ್ಳಗಾಯಿತು. ಅವನು ಅದನ್ನು ಕಿತ್ತು ಎಸೆದ.

ಎರಡನೆಯ ದಿನ ದೇವೀರಿ ಮರ ಕೇಳಿದಳು. ಗಾಳಿಗೆ ಬಿದ್ದಿದ್ದ ಒಂದು ನೇರಳೆ ಮರವನ್ನು ಜನ ಎಳೆದು ತಂದು ಇಳಿಸಿದರು. ಮಸಣಯ್ಯ ಊದಿದ. ಮರ ಹೆಬ್ಬಾವಾಗಿ ಅವಳ ಮೇಲೆ ಬಂತು. ದೇವೀರಿ ಹಗ್ಗದವರ ಮನೆಯ ಮಗಳು. ತಾನು ಇಳಿದು ಬಂದ ಹಗ್ಗವನ್ನು ಎತ್ತಿಕೊಂಡು ಹೆಬ್ಬಾವಿನ ಕೊರಳಿಗೆ ಒಂದು ಕುಣಿಕೆ ಹಾಕಿದಳು, ಬಾಲಕ್ಕೆ ಒಂದು ಕುಣಿಕೆ ಹಾಕಿದಳು, ಎರಡನ್ನೂ ಗೋಡೆಗೆ ಬಡಿದಿದ್ದ ಕಬ್ಬಿಣದ ಬಳೆಗಳಿಗೆ ಬಿಗಿದಳು. ಹಾವು ಎಳೆದಷ್ಟೂ ಗಂಟು ಬಿಗಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಅದು ಸೋತು, ಗೋಡೆಗೆ ಒರಗಿದ ಹಾಗೇ ಮತ್ತೆ ಮರವಾಯಿತು. ಕರಡಿ ಬಂದು ಮರಕ್ಕೆ ಬೆನ್ನು ಉಜ್ಜಿತು. ಮೆಲ್ಲಗೆ ಏರಿತು. ತುದಿಗೆ ಹೋದಾಗ ಗುಂಡಿಯ ಅಂಚಿನಾಚೆಗೆ ಎದುರಿನ ಬೆಟ್ಟ ಕಂಡಿತು. ಬೆಟ್ಟ ಬೋಳಾಗಿತ್ತು. ಕರಡಿ ತುಂಬ ಹೊತ್ತು ನೋಡಿತು. ಇಳಿದು ಬಂದು ಸುತ್ತು ಹಾಕಿತು, ಆದರೆ ನಿಧಾನವಾಗಿ.

ಮಸಣಯ್ಯನ ಬೆನ್ನು ಬಾಗಿತು. ಅವನು ಊರುಗೋಲು ತರಿಸಿಕೊಂಡ.

ಮೂರನೆಯ ದಿನ ದೇವೀರಿ ಜೇನು, ಅತ್ತಿಹಣ್ಣು, ಇಪ್ಪೆಹೂವು ಕೇಳಿದಳು. ಅವನ್ನು ಕರಡಿಯ ಮುಂದೆ ಇಡಲಿಲ್ಲ. ಮಣ್ಣಿನಲ್ಲಿ ಹೂತಳು, ಮರದ ಪೊಟರೆಯಲ್ಲಿ ತುರುಕಿದಳು, ನಡುಗಲ್ಲಿನ ಸಂದಿಗೆ ಜೇನು ಸವರಿದಳು. 'ಇವತ್ತು ಯಾರೂ ಏನೂ ಎಸೀಬೇಡಿ. ಅದೇ ಹುಡುಕಿ ತಿನ್ನಲಿ' ಎಂದಳು.

ಮಸಣಯ್ಯ ಈ ಸಲ ಗುಂಡಿಯ ಕಡೆ ಊದಲಿಲ್ಲ, ಜನರ ಕಡೆ ಊದಿದ. ಅವರ ಕೈಗಳು ತಾವಾಗಿ ಎದ್ದವು. ಮಡಿಲಿನಲ್ಲಿದ್ದ ಪುರಿ, ಬೆಲ್ಲ, ಕೊಬ್ಬರಿ ಎಲ್ಲ ಮಳೆಯ ಹಾಗೆ ಕರಡಿಯ ದಾರಿಯ ಮೇಲೆ ಸುರಿಯತೊಡಗಿತು. ಬೇಡವೆಂದರೂ ಕೈ ನಿಲ್ಲಲಿಲ್ಲ. ತಲೆತಲಾಂತರದ ಅಭ್ಯಾಸ ಬೇರೆ, ಮಾಟಕ್ಕೆ ಹೆಚ್ಚು ಕೆಲಸವಿರಲಿಲ್ಲ. ಕರಡಿ ತಲೆ ತಗ್ಗಿಸಿ, ದಾರಿಯಲ್ಲಿ ಬಿದ್ದದ್ದನ್ನು ನೆಕ್ಕುತ್ತ ಸುತ್ತು ಹಾಕಿತು.

'ಅಪ್ಪಯ್ಯಾ, ಹಗ್ಗ' ಎಂದು ಕೂಗಿದಳು ದೇವೀರಿ.

ಗುಡ್ಡಪ್ಪನಿಗೆ ಅರ್ಥವಾಯಿತು. ಮೊದಲು ತನ್ನ ಕೈಯನ್ನು ತಾನೇ ಹಲ್ಲಿನಿಂದ ಎಳೆದು ಕಟ್ಟಿಕೊಂಡ. ತಾನು ತಂದಿದ್ದ ಹಗ್ಗದ ಹೊರೆಯನ್ನು ಕಾಲಿನಿಂದ ಜನರ ಕಡೆ ತಳ್ಳಿದ. ಒಬ್ಬರ ಕೈಯನ್ನು ಒಬ್ಬರು ಹೇಗೋ ಹಿಡಿದು ಕಟ್ಟಿದರು. ಕೊನೆಗೆ ರಾಜ ಉಳಿದ. ಅವನ ಕೈಯೂ ಪುರಿ ಎಸೆಯುತ್ತಿತ್ತು.

'ನನಗೂ ಕಟ್ಟು' ಎಂದ ರಾಜ.

'ನಿಮಗಾ ಬುದ್ಧಿ?' ಎಂದ ಗುಡ್ಡಪ್ಪ.

'ನನಗೇ ಮೊದಲು ಕಟ್ಟಬೇಕಿತ್ತು' ಎಂದ ರಾಜ.

ಗುಡ್ಡಪ್ಪ ಹಲ್ಲಿನಿಂದಲೇ ಗಂಟು ಬಿಗಿದ. ಎಸೆಯುವುದು ನಿಂತಿತು. ದಾರಿಯ ಮೇಲಿದ್ದದ್ದು ಮುಗಿಯಿತು. ಕರಡಿ ಮೂಗೆತ್ತಿತು. ಮಣ್ಣು ಕೆದಕಿ ಹಣ್ಣು ತಿಂದಿತು, ಮರ ಏರಿ ಹೂವು ತಿಂದಿತು. ಆಮೇಲೆ ಇಳಿದು ದಾರಿಯ ಮೇಲೆ ನಿಂತಿತು. ನಡುಗಲ್ಲಿನ ಸಂದಿಯಿಂದ ಜೇನಿನ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಇನ್ನೊಂದು ವಾಸನೆ, ಮಡಚಿಟ್ಟ ಕಾಡಿನದು. ಕರಡಿ ಒಂದು ಕಾಲನ್ನು ಹೊರಗೆ ಇಟ್ಟಿತು, ಹಿಂದಕ್ಕೆ ತೆಗೆದುಕೊಂಡಿತು. ಮತ್ತೆ ಇಟ್ಟಿತು. ಹಾಗೇ ನಡುಗಲ್ಲಿಗೆ ನಡೆದುಹೋಗಿ ಕೆರೆಯತೊಡಗಿತು.

ಮಸಣಯ್ಯನ ಹಲ್ಲು ಉದುರಿತು, ಮೈ ಒಣಗಿತು. 'ಕೇಳಿ, ಈಗಲೇ ಕೇಳಿ' ಎಂದು ತೊದಲಿದ. 'ಇವಳು ಕಳ್ಳಿಯೇ ಅಂತ ಕೇಳಿ.' ಒಂದು ಸಲ ಗೋಣಾಡಿಸಿದರೆ ಕರಡಿ ಮತ್ತೆ ದಾರಿಗೆ ಬೀಳುತ್ತದೆ ಎಂದು ಅವನ ಲೆಕ್ಕ.

ರಾಜ ಕೇಳಿದ, 'ದೇವೀರಿ ಕಳ್ಳಿಯೇ?'

ಕರಡಿಗೆ ಕೆಲಸವಿತ್ತು. ಅದು ತಲೆ ಎತ್ತಲೂ ಇಲ್ಲ, ಆಡಿಸಲೂ ಇಲ್ಲ.

ಜನ ಕಾದರು. ಉತ್ತರಕ್ಕೆ ಕಾದು ಅವರಿಗೆ ಅಭ್ಯಾಸವಿರಲಿಲ್ಲ. ಎಲ್ಲರೂ ರಾಜನನ್ನು ನೋಡಿದರು. ನೋಡಲು ಅವನಿಗೆ ಬೇರೆ ಯಾರೂ ಇರಲಿಲ್ಲ.

'ಕದ್ದವರು ಓಡಿಹೋಗುತ್ತಾರೆ' ಎಂದ ರಾಜ, ಒಂದೊಂದೇ ಮಾತು ಹುಡುಕಿಕೊಂಡು. 'ಇವಳು ಓಡಲಿಲ್ಲ. ಕುಡಿಯುವ ನೀರನ್ನು ಕರಡಿಗಾಗಿ ಸುರಿದಳು. ಇವಳು ಕಳ್ಳಿಯಲ್ಲ. ಇದು ನನ್ನ ಮಾತು.'

ನಡುಗಲ್ಲು ಉರುಳಿತು. ಕಾಡು ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು ಮೇಲೆದ್ದು, ಕೋಟೆಯ ಗೋಡೆ ದಾಟಿ, ಬೆಟ್ಟದ ಮೇಲೆ ಹರಡಿಕೊಂಡಿತು. ಅದರ ಜೊತೆಗೆ ಹಕ್ಕಿಗಳೂ ಬಂದವು. ಮಸಣಯ್ಯ ನಿಂತಲ್ಲೇ ಪುಡಿಯಾದ. ಬಟ್ಟೆ ಕೆಳಗೆ ಬಿತ್ತು. ಬಟ್ಟೆಯೊಳಗಿಂದ ಬೆಳ್ಳಿಗಂಟೆ ಠಣ್ ಎಂದು ಉರುಳಿಬಂತು. ಹಗ್ಗದವಳ ಗಂಟು ತನ್ನ ಮಾಟಕ್ಕಿಂತ ಗಟ್ಟಿ ಎಂದು ಮೊದಲೇ ಹೆದರಿ ಅವಳ ಮೇಲೆ ಕಳವು ಹೊರಿಸಿದ್ದನೋ ಏನೋ, ಕೇಳಲು ಈಗ ಅವನಿಲ್ಲ.

ಕರಡಿ ನೇರಳೆ ಮರ ಏರಿ ಗುಂಡಿಯಿಂದ ಹೊರಗೆ ಬಂತು. ದೇವೀರಿ ಅದರ ಬೆನ್ನ ಮೇಲಿದ್ದಳು. ಅವಳು ಅಂಚಿನಲ್ಲಿ ಇಳಿದು ಅಪ್ಪನ ಕೈಯ ಗಂಟು ಬಿಚ್ಚಿದಳು. ಕರಡಿ ಯಾರನ್ನೂ ನೋಡದೆ ಬೆಟ್ಟದ ಕಡೆ ನಡೆಯಿತು.

ಗುಂಡಿಯಲ್ಲಿ ಮಳೆನೀರು ನಿಂತು ಕೊಳವಾಯಿತು. ಕೆಂಚನಗಡದವರು ಸುಖವಾಗಿ ಬಾಳಿದರು. ಒಂದು ಮದುವೆ ಗೊತ್ತುಮಾಡಲು ಈಗ ತಿಂಗಳು ಹಿಡಿಯುತ್ತಿತ್ತು, ಬೇಲಿಯ ಜಗಳಕ್ಕೆ ಇಬ್ಬರನ್ನೂ ಕೂರಿಸಿ ಕೇಳಬೇಕಾಗುತ್ತಿತ್ತು. ಆದರೂ ಅದನ್ನು ಸುಖ ಎಂದೇ ಅವರು ಕರೆದರು.

ಬೆಟ್ಟದಲ್ಲಿ ಕರಡಿ ಕೆಲವೊಮ್ಮೆ ಒಂದು ಮರದ ಕೆಳಗೆ ಗುಂಡಿಯಷ್ಟೇ ಜಾಗದಲ್ಲಿ ಸುತ್ತು ಹಾಕುತ್ತಿತ್ತು, ನಿಂತು ಗೋಣಾಡಿಸುತ್ತಿತ್ತು. ಎಲ್ಲಿಂದಲೋ ಹುತ್ತದ ವಾಸನೆ ಬಂದರೆ ಬಿಟ್ಟು ಹೋಗುತ್ತಿತ್ತು. ಸೌದೆಗೆ ಹೋದವರು ಅದನ್ನು ಕಂಡರೆ, ಮನಸ್ಸಿನಲ್ಲಿ ಎಷ್ಟೇ ಪ್ರಶ್ನೆಗಳಿದ್ದರೂ, ಏನನ್ನೂ ಕೇಳದೆ ದೂರದಿಂದಲೇ ದಾಟಿ ಹೋಗುತ್ತಿದ್ದರು.