ಭಾನುವಾರದ ಸ್ಪಾಗೆಟಿ

"ರೀ, ಆ ಕೈಮಾ ನಂದು!"

ತರೀಕೆರೆಯ ಮಟನ್ ಅಂಗಡಿ ಮುಂದೆ, ಭಾನುವಾರ ಬೆಳಗ್ಗೆ, ಅಷ್ಟು ಜೋರಾಗಿ ಕೂಗಿದ್ದು ತಾನೇನಾ ಎಂದು ವಿದ್ಯಾಶ್ರೀಗೇ ನಾಚಿಕೆಯಾಯಿತು. ಆದರೆ ಬಿಡುವ ಹಾಗಿರಲಿಲ್ಲ. ಅಂಗಡಿಯ ಕೊನೆಯ ಅರ್ಧ ಕೆ.ಜಿ. ಕೈಮಾ ಬೇರೆ ಯಾರದೋ ಚೀಲ ಸೇರುವುದರಲ್ಲಿತ್ತು.

ಚೀಲ ಹಿಡಿದವನು ತಿರುಗಿದ. ಮೂವತ್ತರ ಆಸುಪಾಸು. ಮುಂಗೈ ತುಂಬ ಹಳೆಯ ಸುಟ್ಟ ಗುರುತುಗಳು.

"ನಿಮ್ದು ಅಂತ ಅದ್ರ ಮೇಲೆ ಹೆಸರು ಬರ್ದಿದ್ಯಾ?"

"ಎಂಟೂವರೆಗೇ ಹೇಳಿಟ್ಟು ತರಕಾರಿ ತರಕ್ಕೆ ಹೋಗಿದ್ದೆ. ಬೇಕಾದ್ರೆ ಪ್ರಕಾಶಣ್ಣನ್ನ ಕೇಳಿ!"

ಅಂಗಡಿಯ ಪ್ರಕಾಶ್ ತಲೆ ಕೆರೆದುಕೊಂಡ. "ಹೌದು ಕಣ್ರೀ, ಇವ್ರು ಮೊದ್ಲೇ ಹೇಳಿದ್ರು. ನಾನೇ ಮರ್ತ್ಬಿಟ್ಟೆ."

ಚೀಲದವನು ಕೈಮಾವನ್ನು ಅವಳ ಸ್ಟೀಲ್ ಡಬ್ಬಿಗೆ ಹಾಕಿಸಿದ. ಅಷ್ಟು ಸಲೀಸಾಗಿ ಸೋತವನನ್ನು ಕಂಡು ಅವಳಿಗೇ ಪಾಪ ಅನಿಸಿತು.

"ನಮ್ಮಪ್ಪಂಗೆ ಕೈಮಾ ಉಂಡೆ ಸಾರು ಮಾಡ್ಬೇಕು, ಅದಕ್ಕೆ... ನೀವೇನ್ ಮಾಡ್ಬೇಕು ಅಂತಿದ್ರಿ?"

"ಸ್ಪಾಗೆಟಿ."

"ನೂಡಲ್ಸಾ? ನೂಡಲ್ಸ್‌ಗೆ ಯಾರಾದ್ರೂ ಮಟನ್ ಹಾಕ್ತಾರಾ?"

ಅವನು ನಕ್ಕುಬಿಟ್ಟ. "ನೂಡಲ್ಸ್ ಅಂದಿದ್ದು ನಮ್ಮ ಲೊರೇನಮ್ಮಂಗೆ ಕೇಳಿಸಿದ್ರೆ ಸೌಟಲ್ಲೇ ಬಾರಿಸೋರು!"

ಲೊರೇನಮ್ಮನಂತೆ! ಯಾರವಳು? ಮನೆಗೆ ಬಂದು ಉಂಡೆ ಕಟ್ಟುವಾಗಲೂ ಆ ಹೆಸರು, ಆ ನಗು ವಿದ್ಯಾಳ ತಲೆಯಿಂದ ಇಳಿಯಲಿಲ್ಲ.

ಸೋಮವಾರ ಉತ್ತರ ತಾನಾಗಿಯೇ ಸಿಕ್ಕಿತು. ವಿದ್ಯಾಶ್ರೀ ತರೀಕೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಶಿಯನ್. ಅಲ್ಲಿ ಮುಂದಿನ ಟೇಬಲ್ಲಿನಲ್ಲಿ ಕೂರುವ ಗೆಳತಿ ಅನುಷಾ ಅವಳನ್ನು ನೋಡಿದ್ದೇ ಬಿದ್ದು ಬಿದ್ದು ನಕ್ಕಳು.

"ನಮ್ಮಣ್ಣನ ಜೊತೆ ಕೈಮಾಕ್ಕೆ ಜಗಳ ಆಡಿದ್ದು ನೀನೇನಾ? ಡಬ್ಬಿ ಮೇಲೆ ಲ್ಯಾಬ್ ಸ್ಟಿಕ್ಕರ್ ಇತ್ತಂತಲ್ಲೇ!"

ಹೀಗೆ ತಿಮ್ಮೇಶ್ ಪರಿಚಯವಾದ. ಆರು ವರ್ಷದಿಂದ ಪ್ರವಾಸಿಗರ ದೊಡ್ಡ ಹಡಗೊಂದರಲ್ಲಿ ಅಡಿಗೆಯವನು. ಏಳು ವಾರದ ರಜೆಗೆ ತಂಗಿಯ ಮನೆಗೆ ಬಂದಿದ್ದ.

ಮುಂದಿನ ಭಾನುವಾರ ಅನುಷಾ ಮನೆಯಲ್ಲಿ ವಿದ್ಯಾಳಿಗೆ ಊಟ. ತಿಮ್ಮೇಶ್ ಒಲೆ ಮುಂದೆ ನಿಂತಿದ್ದ. ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿದ ಮೇಲೆ ಕೈಮಾ ಬಿತ್ತು. ಅದರ ನೀರೆಲ್ಲ ಇಂಗಿ ಕಂದು ಬಣ್ಣಕ್ಕೆ ತಿರುಗುವವರೆಗೂ ಅವನು ಬೇರೆ ಏನನ್ನೂ ಹಾಕಲಿಲ್ಲ. ಆಮೇಲೆ ಟೊಮೆಟೊ, ಕಾಳುಮೆಣಸಿನ ಪುಡಿ... ಕೊನೆಗೆ ಒಂದು ಚಮಚ ಸಕ್ಕರೆ!

"ಅಯ್ಯೋ, ಮಟನ್‌ಗೆ ಸಕ್ಕರೆನಾ?"

"ಟೊಮೆಟೊ ಕೋಪ ಇಳೀಲಿ ಅಂತ. ಲೊರೇನಮ್ಮ ಹೇಳಿದ್ದು."

ಲೊರೇನಮ್ಮ ಎಂದರೆ ಹಡಗಿನ ಅಡಿಗೆಮನೆಯ ಹಿರಿಯಳು. ಅರವತ್ತು ದಾಟಿದ, ಅಮೆರಿಕದ ಮಿಸಿಸಿಪ್ಪಿ ಕಡೆಯ ಕರಿಯ ಹೆಂಗಸು. ಮೊದಲ ವರ್ಷ ಊರಿನ ನೆನಪಿಗೆ ಊಟ ಬಿಟ್ಟು ಕೂತಿದ್ದ ತಿಮ್ಮೇಶನನ್ನು ಎಳೆದು ಕೂರಿಸಿ, ತನ್ನಜ್ಜಿ ಮಾಡುತ್ತಿದ್ದ ಈ ಸ್ಪಾಗೆಟಿ ಬಡಿಸಿದ್ದಳಂತೆ.

"ಅವ್ರ ಜನ ಇದನ್ನ ಹುಟ್ಟಿದ ಹಬ್ಬಕ್ಕೂ ಮಾಡ್ತಾರೆ, ಸಾವಿನ ಮನೆಗೂ ಕಳಿಸ್ತಾರೆ. ಹೋಟ್ಲಲ್ಲಿ ಕೊಡೋ ಹಂಗೆ ಮೇಲೆ ಸುರಿಯಲ್ಲ. ನಾವು ಚಿತ್ರಾನ್ನ ಕಲಸ್ತೀವಲ್ಲ, ಹಂಗೆ ಪೂರ್ತಿ ಬೆರೆಸ್ಬೇಕು. ಪಕ್ಕದಲ್ಲಿ ಕರಿದ ಮೀನು ಇರ್ಲೇಬೇಕು."

ಮೀನು ಬುಕ್ಕಾಂಬುಧಿ ಕೆರೆಯದು. ಬೆಳಗ್ಗೆಯೇ ಬೈಕಿನಲ್ಲಿ ಹೋಗಿ ತಂದಿದ್ದನಂತೆ.

ಮೊದಲ ತುತ್ತು ಬಾಯಿಗಿಟ್ಟಳು ವಿದ್ಯಾ. ಹುಳಿ, ಖಾರ, ಎಲ್ಲೋ ಒಂದೆಳೆ ಸಿಹಿ... ತಾಯಿ ತೀರಿಹೋದ ಮೇಲೆ ನಾಲ್ಕು ವರ್ಷ ಅವಳೇ ಅಡಿಗೆ ಮಾಡಿ ಅವಳೇ ಬಡಿಸುತ್ತಿದ್ದಳು. ಬೇರೆಯವರು ತನಗೆಂದು ಮಾಡಿ, 'ಹೇಗಿದೆ?' ಎಂದು ಎದುರು ಕಾದು ನಿಂತಿದ್ದು ಎಷ್ಟು ದಿನಗಳ ಮೇಲೆ! ಕಣ್ಣು ತುಂಬಿತು.

"ಖಾರ ಆಯ್ತಾ?" ಅವನು ಗಾಬರಿಯಾದ.

"ಹೂಂ..." ಎಂದು ಸುಳ್ಳು ಹೇಳಿದಳು.

ಉಳಿದ ಐದು ಭಾನುವಾರಗಳೂ ಹಾಗೇ ಕಳೆದವು. ಒಮ್ಮೆ ಮೂವರೂ ಕೆಮ್ಮಣ್ಣುಗುಂಡಿಗೆ ಹೋದಾಗ, ಅನುಷಾ ಬೇಕೆಂದೇ ಹಿಂದೆ ಉಳಿದಳು. ಇಬ್ಬರಿಗೂ ಆಡಲು ಮಾತೇ ಹೊಳೆಯಲಿಲ್ಲ.

ಮಾತು ಬಂದದ್ದು ಕಡೂರು ರೈಲ್ವೆ ಸ್ಟೇಷನ್ನಿನಲ್ಲಿ, ಅವನು ಹೊರಡುವ ದಿನ.

"ವಿದ್ಯಾ, ಇದು ಕೊನೇ ಕಾಂಟ್ರಾಕ್ಟು. ಎಂಟು ತಿಂಗ್ಳು. ಬಂದ್ಮೇಲೆ ಕಡೂರಲ್ಲೇ ಒಂದು ಸಣ್ಣ ಹೋಟ್ಲು ಹಾಕ್ತೀನಿ. ಆಮೇಲೆ... ನಿಮ್ಮಪ್ಪನ ಹತ್ರ ಬರ್ಲಾ?"

ಅವಳು ತಲೆ ತಗ್ಗಿಸಿ, "ಬನ್ನಿ," ಎಂದಳು. ರೈಲಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಕೂಗಿದಳು. "ಬನ್ನೀ!"

ಐದು ತಿಂಗಳು ಪ್ರತಿ ಭಾನುವಾರ ಫೋನು. ಅವಳು ಮೊಬೈಲನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಅಡಿಗೆ ಮಾಡುವಳು, ಅವನು ಅಲ್ಲಿಂದಲೇ 'ಉರಿ ಸಣ್ಣ ಮಾಡು' ಎನ್ನುವನು. ರಿಟೈರಾದ ಬಸ್ ಕಂಡಕ್ಟರ್ ಅಜ್ಜಯ್ಯ, ವಿದ್ಯಾಳ ಅಪ್ಪ, ಆ 'ಉದ್ದ ಶಾವಿಗೆ'ಯನ್ನು ಮಾವಿನ ಉಪ್ಪಿನಕಾಯಿ ನಂಚಿಕೊಂಡು ತಿನ್ನುವರು.

ಮಾರ್ಚಿನಲ್ಲಿ ಅವನಿಗೆ ಜ್ವರ ಬಂತು. ಮೂರು ವಾರ ಸದ್ದಿಲ್ಲ. ನಾಲ್ಕನೆಯ ವಾರ ಒಂದೇ ಸಾಲಿನ ಮೆಸೇಜು ಬಂತು.

'ನನಗಾಗಿ ಕಾಯಬೇಡ ವಿದ್ಯಾ. ಕ್ಷಮಿಸು.'

ಫೋನ್ ಮಾಡಿದರೆ ಸ್ವಿಚ್ ಆಫ್! ಅನುಷಾಳನ್ನು ಹಿಡಿದು ಕೇಳಿದಳು.

"ನನ್ ಕೇಳ್ಬೇಡ ಕಣೇ... ಅಣ್ಣ ಆಣೆ ಹಾಕ್ಸಿದ್ದಾನೆ." ಅನುಷಾ ಮುಖ ತಿರುಗಿಸಿದಳು.

ಆಣೆ! ಹಾಗಾದರೆ ಇನ್ನೇನು, ಅಲ್ಲಿ ಯಾರೋ ಇದ್ದಾಳೆ. ಅವನು ಕೊನೆಗೆ ಕಳಿಸಿದ್ದ ಫೋಟೋದಲ್ಲಿ ಪಕ್ಕದಲ್ಲಿ ನಿಂತು ನಗುತ್ತಿದ್ದ ಹುಡುಗಿಯೇ ಇರಬೇಕು. ವಿದ್ಯಾ ಆ ಮುಖವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಅತ್ತಳು. ಫೋಟೋ ಅಳಿಸಿದಳು. ಆದರೆ ಭಾನುವಾರ ಬಂದರೆ ಕೈ ತನ್ನಷ್ಟಕ್ಕೆ ದಪ್ಪ ಮೆಣಸಿನಕಾಯಿ ಹೆಚ್ಚತೊಡಗುತ್ತಿತ್ತು. ಪಾತ್ರೆ ಮುಂದೆ ನಿಂತು ಆ ಕಡೆಯ ಧ್ವನಿಗೆ ಕಿವಿ ಕೊಡುತ್ತಿದ್ದಳು. ಒಲೆಯ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ.

"ಬೀರೂರಿಂದ ಒಂದು ಸಂಬಂಧ ಬಂದೈತೆ ಮಗಾ," ಎಂದರು ಅಜ್ಜಯ್ಯ ಒಂದು ದಿನ. "ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಯಾತಕ್ಕೆ ಅಂತ ಹೇಳು."

"ಗೊತ್ತಿಲ್ಲಪ್ಪ."

ನಾಲ್ಕು ತಿಂಗಳು ಹೀಗೇ ಸವೆದವು.

ಜುಲೈನ ಒಂದು ಬೆಳಗ್ಗೆ ವಿದ್ಯಾ ಅಜ್ಜಂಪುರಕ್ಕೆ ಹೋಗಿದ್ದಳು. ಈಶ್ವರಮ್ಮ ಎಂಬ ಮುದುಕಿಯ ಮನೆಗೇ ಹೋಗಿ, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ತೆಗೆದುಕೊಳ್ಳಬೇಕಿತ್ತು. ಸೂಜಿ ತೆಗೆದು ಹತ್ತಿ ಒತ್ತುತ್ತಿದ್ದಂತೆ ಮುದುಕಿ ಮೂಗು ಅರಳಿಸಿದಳು.

"ಏನೋ ಸೀದೋಯ್ತಾ ಐತಲ್ಲವ್ವ! ಪಕ್ಕದ ಅಂಗ್ಡಿ ಹಿಂದ್ಗಡೆ ರೂಮ್ನಾಗೆ ಇರ್ಬೇಕು, ನೋಡು."

ಪಕ್ಕದ್ದು ಹಾರ್ಡ್‌ವೇರ್ ಅಂಗಡಿ. ಹಿಂದಿನ ಕೋಣೆಯಿಂದ ಹೊಗೆ ಬರುತ್ತಿತ್ತು. ವಿದ್ಯಾ ಓಡಿಹೋಗಿ ಒಲೆ ಆರಿಸಿದಳು. ಬೇಳೆ ಕರಕಲಾಗಿತ್ತು. ಎರಡು ಮಾರು ದೂರದಲ್ಲಿ, ಬೆನ್ನು ಮಾಡಿ ಕೂತ ಒಬ್ಬ ಗಂಡಸು ಶಾಂತವಾಗಿ ಸ್ಕ್ರೂಗಳನ್ನು ವಿಂಗಡಿಸುತ್ತಿದ್ದ!

"ಏನ್ರೀ, ತಳ ಹತ್ತಿ ಮನೆಯೆಲ್ಲ ನಾರ್ತಿದೆ, ಗೊತ್ತಾಗಲ್ವಾ?"

ಅವನು ತಿರುಗಿದ.

ತಿಮ್ಮೇಶ್!

ಅವಳು ಒಮ್ಮೆ ಕರಕಲು ಪಾತ್ರೆ ನೋಡಿದಳು, ಒಮ್ಮೆ ಅವನನ್ನು. ಲ್ಯಾಬಿನಲ್ಲಿ ಕಾಯಿಲೆಗಳನ್ನು ನೋಡಿ ನೋಡಿ ಪಳಗಿದ ಮನಸ್ಸಿಗೆ ತಟ್ಟನೆ ಹೊಳೆಯಿತು.

"ವಾಸನೆ... ನಿಮಗೆ ವಾಸನೆ ಬರ್ತಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಯಾವಾಗಿಂದ?"

"ಆ ಜ್ವರ ಬಂದಾಗಿಂದ. ಉಪ್ಪು, ಹುಳಿ, ಖಾರ ಅಷ್ಟೇ ನಾಲಿಗೆಗೆ ಗೊತ್ತಾಗುತ್ತೆ. ಒಗ್ಗರಣೆ, ಬೆಳ್ಳುಳ್ಳಿ, ಮಳೆ... ಒಂದೂ ಇಲ್ಲ. ಡಾಕ್ಟ್ರು ವಾಪಸ್ ಬರ್ಬೋದು, ಬರ್ದೇನೂ ಇರ್ಬೋದು ಅಂದ್ರು. ಹಡಗಿನೋರು ಮನೆಗೆ ಕಳಿಸಿದ್ರು. ಮಾವನ ಅಂಗಡೀಲಿ ಇದ್ದೀನಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ ವಿದ್ಯಾ? ನಿಂಗೆ ನಾನು ಕೊಟ್ಟಿದ್ದು ಅಡಿಗೆ ಒಂದೇ. ಅದೂ ಹೋದ್ಮೇಲೆ ಯಾವ ಮುಖ ಇಟ್ಕೊಂಡು ನಿಮ್ಮಪ್ಪನ ಮುಂದೆ ನಿಲ್ಲಲಿ?"

"ನಾನು ಇಷ್ಟಪಟ್ಟಿದ್ದು ನಿಮ್ಮ ಮೂಗನ್ನಾ?"

ಸಿಟ್ಟು, ಅಳು ಎರಡೂ ಒಟ್ಟಿಗೆ ನುಗ್ಗಿ ಬಂದವು. "ಇನ್ಯಾರೋ ಸಿಕ್ಕಿರ್ಬೇಕು, ನನ್ನಲ್ಲೇ ಏನೋ ಕಮ್ಮಿ ಅಂತ ದಿನಾ ಸತ್ತಿದ್ದೀನಿ! ಕಾಯ್ಬೇಕೋ ಬೇಡ್ವೋ ಅಂತ ನಾನು ತೀರ್ಮಾನ ಮಾಡ್ಬೇಕಿತ್ತು. ಅದನ್ನೂ ನೀವೇ ಮಾಡ್ಬಿಟ್ರಲ್ಲ..."

ಅವನು ಕೈ ಚಾಚಿದ. ಅವಳು ಹಿಂದೆ ಸರಿದಳು.

"ಭಾನುವಾರ ಅನುಷಾ ಮನೇಲಿ ಸ್ಪಾಗೆಟಿ ಮಾಡ್ತೀನಿ. ಬರೋದಾದ್ರೆ ಬನ್ನಿ. ಇಲ್ಲಾಂದ್ರೆ ಬೀರೂರಿನೋರಿಗೆ ಹೂಂ ಅಂತೀನಿ."

ಹೊರಗೆ ಬಂದ ಮೇಲೆ ಒಂದೇ ಯೋಚನೆ. ಅವನು ಬರದಿದ್ದರೆ?

ಭಾನುವಾರ ಹನ್ನೊಂದೂವರೆ. ಅನುಷಾ ಈರುಳ್ಳಿ ಹೆಚ್ಚಿಕೊಟ್ಟು ಗಂಡನ ಜೊತೆ ಪೇಟೆಗೆ ಹೋಗಿದ್ದಳು. ವಿದ್ಯಾ ಕೈಮಾ ಹಾಕಿ ಮಗುಚುತ್ತಿದ್ದಳು. ಬಾಗಿಲ ಕಡೆ ನೋಡಬಾರದು ಎಂದುಕೊಂಡು ಹತ್ತು ಸಲ ನೋಡಿದಳು. ಟೊಮೆಟೊ ಬಟ್ಟಲು ಕೈಗೆತ್ತಿಕೊಂಡಳು.

"ಈಗ್ಲೇ ಬೇಡ... ಅದಿನ್ನೂ ಕೊತಕೊತ ಅಂತಿದೆ. ನೀರು ಇಂಗಿಲ್ಲ. ಚರಚರ ಅನ್ಬೇಕು."

ಅವಳು ತಿರುಗಲಿಲ್ಲ. ತಿರುಗಿದರೆ ಅತ್ತುಬಿಡುತ್ತೇನೆ ಎಂಬ ಭಯ. ಅವನು ಪಕ್ಕಕ್ಕೆ ಬಂದು ನಿಂತ. ಇಬ್ಬರೂ ಪಾತ್ರೆಗೆ ಕಿವಿಗೊಟ್ಟರು. ಚರಚರ ಸದ್ದು ಬಂತು.

"ಈಗ ಹಾಕು."

ಸಾರು ಕುದಿದು ಎಣ್ಣೆ ಬಿಟ್ಟಾಗ ಬಣ್ಣ ನೋಡಿ ಉರಿ ತಗ್ಗಿಸಿದ. ಒಂದು ಹನಿ ಅಂಗೈಗೆ ಹಾಕಿ ನೆಕ್ಕಿದ.

"ಉಪ್ಪು ಸರಿ ಇದೆ. ಪರಿಮಳ ಹೇಗಿದೆ... ನೀನೇ ಹೇಳ್ಬೇಕು."

ಅವಳು ಕಣ್ಣು ಮುಚ್ಚಿ ಉಸಿರೆಳೆದಳು. "ದಪ್ಪ ಮೆಣಸಿನಕಾಯಿ ಹಸಿ ವಾಸನೆ ಹೋಗಿದೆ. ಬೆಳ್ಳುಳ್ಳಿ ಮುಂದೆ ಬರ್ತಿದೆ, ಮಟನ್ ಹಿಂದೆ ನಿಂತಿದೆ. ಟೊಮೆಟೊ ಇನ್ನೂ ಸ್ವಲ್ಪ... ಮುನಿಸ್ಕೊಂಡಿದೆ."

"ಹಾಗಾದ್ರೆ ಇನ್ನರ್ಧ ಚಮಚ ಸಕ್ಕರೆ."

ಬೆಂದ ಸ್ಪಾಗೆಟಿ ಬಸಿದು ಹಾಕಿದರು. ಅವನು ಪಾತ್ರೆ ಹಿಡಿದುಕೊಂಡ, ಅವಳು ಕಲಸಿದಳು. ತಟ್ಟೆಗೆ ಬಡಿಸಿದಾಗ ಅವನು ಒಂದು ತುತ್ತು ತಿಂದು ತುಂಬ ಹೊತ್ತು ಅಗಿದ. ಕಣ್ಣಿಂದ ನೀರಿಳಿಯಿತು.

"ಏನಾಯ್ತು?"

"ಬಿಸಿ ಗೊತ್ತಾಗುತ್ತೆ. ಮೆತ್ತಗಿದೆ. ಕಾಳುಮೆಣಸು ನಾಲಿಗೆ ಕಚ್ತಿದೆ. ಉಳಿದಿದ್ದೆಲ್ಲ ನೀನು ಹೇಳಿದ್ಯಲ್ಲ..." ಅವನು ತಟ್ಟೆ ಕೆಳಗಿಟ್ಟ. "ಎಂದೂ ವಾಪಸ್ ಬರ್ದೇ ಇದ್ರೆ, ವಿದ್ಯಾ? ದಿನಾ ಹೀಗೆ ಹೇಳ್ತಾ ಕೂರಕ್ಕಾಗುತ್ತಾ ನಿಂಗೆ?"

"ದಿನಾ ಆಗಲ್ಲ. ಲ್ಯಾಬ್ ಇರುತ್ತೆ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹೇಳ್ತೀನಿ. ಮಧ್ಯಾಹ್ನ ಕಿವಿಯಲ್ಲೇ ಕೇಳ್ಕೊಂಡು ಅಡಿಗೆ ಮಾಡ್ಕೊಳ್ಳಿ."

ಅವನು ಅವಳ ಕೈ ಹಿಡಿದ. ಈ ಸಲ ಅವಳು ಸರಿಯಲಿಲ್ಲ.

"ನೀನಂದ್ರೆ ನಂಗೆ ಪ್ರಾಣ ಕಣೇ. ನಿನ್ನಿಂದ ಬಚ್ಚಿಟ್ಕೊಂಡಿದ್ದು ತಪ್ಪಾಯ್ತು."

"ಇನ್ನೊಂದ್ಸಲ ಹಂಗೆ ಮಾಡಿದ್ರೆ..."

"ಮಾಡಲ್ಲ. ನಡಿ, ಈಗ್ಲೇ ನಿಮ್ಮಪ್ಪನ ಹತ್ರ ಹೋಗಣ."

"ಈಗ ಬೇಡ, ಅಪ್ಪ ಊಟ ಮಾಡಿ ಮಲಗಿರ್ತಾರೆ. ನಾಲ್ಕು ಗಂಟೆಗೆ ಹೋಗಣ."

"ಅಲ್ಲೀವರ್ಗೂ ನಾನೇನ್ ಮಾಡ್ಲಿ?"

ವಿದ್ಯಾ ಅವನ ಭುಜಕ್ಕೆ ತಲೆಯಾನಿಸಿದಳು.

"ಏನೂ ಮಾಡ್ಬೇಡಿ. ಸುಮ್ನೆ ಇಲ್ಲೇ ಇರಿ."