ಜಾಹೀರಾತು ಬಂದಾಗ

ನಂಬ್ರಿ, ಬಿಡ್ರಿ, ಇದು ನಮ್ಮನ್ಯಾಗೇ ನಡದದ್ದು. ನಾನು ಮುಡಬಿ ಶಾಲ್ಯಾಗ ಟೀಚರ್, ನಮ್ಮ ಮನಿಯವರಿಗಿ ಹುಮನಾಬಾದದಾಗ ನೌಕರಿ. ಹಗಲೆಲ್ಲ ಬಸವಕಲ್ಯಾಣದ ಮನಿಗಿ ಕೀಲಿ. ನನ್ನ ಮಧ್ಯಾಹ್ನದ ಧಾರಾವಾಹಿ ತಪ್ಪಬಾರದಂತ ಅವರು ಪಡಸಾಲಿ ಟಿವಿಯಿಂದ ಮ್ಯಾಲಿನ ಖೋಲಿ ಕಂಪ್ಯೂಟರಿಗಿ ನೆಟ್‌ವರ್ಕ್ ವೈರ್ ಎಳದು, ತಾನಾಗೇ ರೆಕಾರ್ಡ್ ಆಗೂಹಂಗ ಮಾಡಿದ್ರು. ಟಿವಿ ಮ್ಯಾಲ ಕಂಡದ್ದೆಲ್ಲ ಅದರಾಗ ಬರ್ತದ.

ಒಂದಿನ ಸಂಜಿಗಿ ಬಂದು ರೆಕಾರ್ಡಿಂಗ್ ನೋಡತೀನಿ, ಜಾಹೀರಾತು ಬಂದ ಕೂಡಲೆ ವಾಲ್ಯೂಮಿನ ಹಸರ ಗೆರಿ ಸೊನ್ನಿಗಿ ಇಳೀತು. ಧಾರಾವಾಹಿ ಸುರುವಾದ ಕೂಡಲೆ ಹದಿನೆಂಟಕ್ಕ ಏರ್ತು. ಪ್ರತಿ ಸಲಾನೂ ಹದಿನೆಂಟೇ.

"ನಾ ಇಲ್ಲದಾಗ ಯಾವಾಕಿ ಬರ್ತಾಳ್ರಿ ಇಲ್ಲಿ?" ಅಂತ ಜಗಳ ತಗದೆ.

ಅವರು ಆ ಗೆರಿ ಇಳಿಯೂದು ಏರೂದು ನೋಡಿ ನಕ್ಕರು. ನನ್ನ ಕಂಡು ಒಂದಿನಾನೂ ಹಂಗ ನಕ್ಕಿಲ್ಲ.

"ಜಗದೇವಿ ಹಿಂಗೇ ಮಾಡ್ತಿದ್ಳು," ಅಂದ್ರು.

ಜಗದೇವಿ ಅವರ ಮೊದಲನೇ ಹೆಂಡತಿ. ತೀರಿಕೊಂಡು ನಾಕು ವರ್ಷ ಆತು.

ಮರುದಿನ ಇದ್ದೊಂದು ರಿಮೋಟು ಬ್ಯಾಗಿನಾಗ ಹಾಕ್ಕೊಂಡು ಮುಡಬಿಗಿ ಹೋದೆ. ಸಂಜಿಗಿ ಬಂದು ನೋಡಿದ್ರ ಅದೇ ಸೊನ್ನಿ, ಅದೇ ಹದಿನೆಂಟು.

ಈಗ ಅವರು ದಿನಾ ನನಗಿಂತ ಮೊದಲ ಬಂದು ಕಂಪ್ಯೂಟರ್ ಮುಂದ ಕೂಡಾಕತ್ತಾರ. ಧಾರಾವಾಹಿ ಮುಂದ ಓಡಿಸಿಬಿಡ್ತಾರ. ಸಪ್ಪಳ ಇಲ್ಲದ ಜಾಹೀರಾತಷ್ಟೇ ನೋಡ್ತಾರ.